ಸಮೀಕರಣ ಬ್ಯಾಲೆನ್ಸ್ ಆಗಿದೆ, ಆದ್ರೂ ಗ್ರಾಂ ಲೆಕ್ಕ ಪ್ರತಿ ಸಲ ತಪ್ತಿದೆ, ಎಲ್ಲಿ ಎಡವ್ತಿದೀನಿ?

ಕಲಿಕೆ_ಹಾದಿ:
ಎಲ್ರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಲೆಕ್ಕದ ಮುಂದೆ ಕೂತಿದೀನಿ. 8.1 ಗ್ರಾಂ ಅಲ್ಯೂಮಿನಿಯಂ ಪುಡಿ, 32 ಗ್ರಾಂ ಫೆರಿಕ್ ಆಕ್ಸೈಡ್, ಎರಡನ್ನೂ ಸೇರಿಸಿ ಉರಿಸಿದ್ರೆ ಎಷ್ಟು ಗ್ರಾಂ ಕಬ್ಬಿಣ ಸಿಗುತ್ತೆ, ಇಷ್ಟೇ ಪ್ರಶ್ನೆ. ಸಮೀಕರಣ ಸರಿದೂಗಿಸೋದು ನಂಗೆ ಕಷ್ಟ ಆಗ್ಲಿಲ್ಲ:

2 ಅಲ್ಯೂಮಿನಿಯಂ + 1 ಫೆರಿಕ್ ಆಕ್ಸೈಡ್ → 1 ಅಲ್ಯೂಮಿನಿಯಂ ಆಕ್ಸೈಡ್ + 2 ಕಬ್ಬಿಣ

ಮೊದಲನೇ ಸಲ ಹೀಗೆ ಮಾಡ್ದೆ: 2ಕ್ಕೆ 1 ಬೇಕು ಅಂದ್ರೆ 8.1 ಗ್ರಾಂ ಅಲ್ಯೂಮಿನಿಯಂಗೆ 4.05 ಗ್ರಾಂ ಆಕ್ಸೈಡ್ ಸಾಕು, 2ಕ್ಕೆ 2 ಕಬ್ಬಿಣ ಅಂದ್ರೆ 8.1 ಗ್ರಾಂ ಕಬ್ಬಿಣ. ಉತ್ತರ ತಪ್ಪು ಅಂತ ಗೊತ್ತಾಯ್ತು. ಆಮೇಲೆ ಮೋಲ್‌ಗೆ (ಕಣಗಳನ್ನ ಎಣಿಸೋ ಘಟಕ, ಗ್ರಾಂ ತೂಕವನ್ನ ಒಂದು ಮೋಲ್ ತೂಕದಿಂದ ಭಾಗಿಸಿದ್ರೆ ಸಿಗುತ್ತೆ) ಬದಲಾಯಿಸಿ ಮಾಡ್ದೆ, ಅಲ್ಯೂಮಿನಿಯಂ 8.1/27 = 0.3 ಮೋಲ್, ಆಕ್ಸೈಡ್ 32/160 = 0.2 ಮೋಲ್, 0.2 ಚಿಕ್ಕದು ಅಲ್ವಾ ಹಾಗಾಗಿ ಅದೇ ಲಿಮಿಟಿಂಗ್ ರಿಯೇಜೆಂಟ್ (ಮೊದಲು ಖಾಲಿಯಾಗಿ ಕ್ರಿಯೆ ನಿಲ್ಲಿಸೋ ವಸ್ತು) ಅಂದ್ಕೊಂಡು 0.4 ಮೋಲ್ ಕಬ್ಬಿಣ, 22.4 ಗ್ರಾಂ ಅಂತ ಬರೆದೆ. ಪುಸ್ತಕದ ಹಿಂದೆ 16.8 ಗ್ರಾಂ ಅಂತಿದೆ. ಮೋಲ್ ಮಾಡಿದ ಮೇಲೂ ತಪ್ಪು ಬಂದ್ರೆ ಇನ್ನೇನು ಮಾಡ್ಬೇಕು ಅಂತ ನಿಜವಾಗ್ಲೂ ತಿಳೀತಿಲ್ಲ.

ಬ್ಯೂರೆಟ್:
ನೀವು ಎರಡೂ ಪ್ರಯತ್ನ ಪೂರ್ತಿ ಬರೆದಿದ್ದು ತುಂಬಾ ಒಳ್ಳೇದಾಯ್ತು, ಎಲ್ಲಿ ಜಾರಿದ್ರಿ ಅಂತ ನೇರ ಕಾಣ್ತಿದೆ.

ಮೊದಲನೇದು. ಸಮೀಕರಣದ ಮುಂದೆ ಇರೋ 2, 1, 1, 2 ಇವು ತೂಕ ಅಲ್ಲ, ಎಣಿಕೆ. ಎರಡು ಅಲ್ಯೂಮಿನಿಯಂ ಪರಮಾಣುಗೆ ಒಂದು ಫಾರ್ಮುಲಾದಷ್ಟು ಆಕ್ಸೈಡ್ ಅಂತ ಅದು ಹೇಳ್ತಿರೋದು. ಒಂದು ಅಲ್ಯೂಮಿನಿಯಂ 27 ತೂಗುತ್ತೆ, ಆ ಒಂದು ಆಕ್ಸೈಡ್ 160 ತೂಗುತ್ತೆ (ಎರಡು ಕಬ್ಬಿಣ 112, ಮೂರು ಆಕ್ಸಿಜನ್ 48). ಅಂದ್ಮೇಲೆ ಗ್ರಾಂ ಭಾಷೇಲಿ ಈ ಸಮೀಕರಣ 54 ಗ್ರಾಂಗೆ 160 ಗ್ರಾಂ ಅಂತಿದೆ, 2ಕ್ಕೆ 1 ಅಂತ ಎಲ್ಲೂ ಹೇಳ್ತಿಲ್ಲ.

ಎರಡನೇದು. ಮೋಲ್ ಮಾಡಿದ್ದು ಸರಿ, ಆದ್ರೆ 0.3 ಮತ್ತು 0.2 ನೇರ ಹೋಲಿಸ್ಬಾರ್ದು. ಅಲ್ಯೂಮಿನಿಯಂ ಎರಡೆರಡಾಗಿ ಖರ್ಚಾಗುತ್ತೆ, ಆಕ್ಸೈಡ್ ಒಂದೊಂದಾಗಿ. 0.2 ಮೋಲ್ ಆಕ್ಸೈಡ್ ಪೂರ್ತಿ ಮುಗೀಬೇಕಂದ್ರೆ 0.4 ಮೋಲ್ ಅಲ್ಯೂಮಿನಿಯಂ, ಅಂದ್ರೆ 10.8 ಗ್ರಾಂ ಬೇಕು. ನಿಮ್ಮ ಹತ್ರ 8.1 ಗ್ರಾಂ ಮಾತ್ರ ಇದೆ. ಮೊದಲು ಖಾಲಿ ಆಗೋದು ಅಲ್ಯೂಮಿನಿಯಮ್ಮೇ.

ಕಲಿಕೆ_ಹಾದಿ:
ಎರಡನೇದು ಅರ್ಥ ಆಯ್ತು, ಥ್ಯಾಂಕ್ಸ್. ಆದ್ರೆ ಮೊದಲನೇದ್ರಲ್ಲಿ ಒಂದು ವಿಷಯ ಕಾಡ್ತಿದೆ. ನಮಗೆ ಯಾವಾಗ್ಲೂ ಹೇಳ್ಕೊಟ್ಟಿದ್ದು ರಾಶಿ ಸಂರಕ್ಷಣೆ ನೋಡಿ ಉತ್ತರ ಚೆಕ್ ಮಾಡಿ ಅಂತ. ನಾನು ಮಾಡಿದ್ದೆ. 8.1 + 4.05 = 12.15 ಗ್ರಾಂ ಒಳಗೆ ಹೋಯ್ತು, 4.05 ಗ್ರಾಂ ಅಲ್ಯೂಮಿನಿಯಂ ಆಕ್ಸೈಡ್ + 8.1 ಗ್ರಾಂ ಕಬ್ಬಿಣ = 12.15 ಗ್ರಾಂ ಹೊರಗೆ ಬಂತು. ಸರಿಯಾಗಿ ತಾಳೆ ಆಗ್ತಿದೆ! ತಪ್ಪು ಲೆಕ್ಕ ಹೇಗೆ ತಾಳೆ ಆಗುತ್ತೆ? ಇದ್ರಿಂದಾನೇ ನಾನು ಅರ್ಧ ದಿನ ನನ್ನ ಉತ್ತರಾನೇ ಸರಿ ಅಂದ್ಕೊಂಡಿದ್ದು.

ಅಂಕೆ_ಸಂಖ್ಯೆ:
ಇದು ತುಂಬಾ ಚೆನ್ನಾಗಿರೋ ಪ್ರಶ್ನೆ, ಸ್ವಲ್ಪ ಹೊತ್ತು ನಾನೂ ಪೆನ್ನು ಹಿಡ್ಕೊಂಡು ಕೂತೆ.

ಈ ಸಮೀಕರಣದಲ್ಲಿ ಎಡಗಡೆ ಗುಣಾಂಕಗಳ (ವಸ್ತುಗಳ ಮುಂದಿರೋ ಅಂಕಿಗಳ) ಮೊತ್ತ 2 + 1 = 3, ಬಲಗಡೆ 1 + 2 = 3. ಎರಡೂ ಕಡೆ ಮೊತ್ತ ಒಂದೇ ಇದ್ದಾಗ ಗುಣಾಂಕಾನೇ ಗ್ರಾಂ ಅಂದ್ಕೊಂಡು ಲೆಕ್ಕ ಹಾಕಿದ್ರೂ ಒಟ್ಟು ತೂಕ ತಾನಾಗೇ ಸಮ ಬಂದ್ಬಿಡುತ್ತೆ, ಅದ್ರಲ್ಲಿ ರಸಾಯನಶಾಸ್ತ್ರ ಏನೂ ಇಲ್ಲ, ಬರೀ ಕೂಡೋ ಲೆಕ್ಕ. ಇದೇ ತಪ್ಪನ್ನ ಅಮೋನಿಯದಲ್ಲಿ ಮಾಡಿ ನೋಡಿ: 1 ನೈಟ್ರೋಜನ್ + 3 ಹೈಡ್ರೋಜನ್ → 2 ಅಮೋನಿಯ. ಗ್ರಾಂ ಅಂದ್ಕೊಂಡ್ರೆ 4 ಗ್ರಾಂ ಹಾಕಿ 2 ಗ್ರಾಂ ಬಂತು ಅಂತಾಗುತ್ತೆ, ಅರ್ಧ ತೂಕ ಮಾಯ, ಅಲ್ಲೇ ಸಿಕ್ಕಿಬೀಳ್ತೀವಿ. ನಿಜವಾದ ಲೆಕ್ಕ 28 + 6 = 34 ಗ್ರಾಂ, ಹೊರಗೂ 2 × 17 = 34 ಗ್ರಾಂ.

ಹಾಗಾಗಿ ಒಟ್ಟು ತೂಕದ ಚೆಕ್ ಒಂದೇ ಸಾಕಾಗಲ್ಲ. ಧಾತುವಾರು ಚೆಕ್ ಮಾಡಿ. ಫೆರಿಕ್ ಆಕ್ಸೈಡ್‌ನಲ್ಲಿ ಕಬ್ಬಿಣ ಇರೋದು 112/160, ಅಂದ್ರೆ ಶೇ. 70. ನಿಮ್ಮ 4.05 ಗ್ರಾಂ ಆಕ್ಸೈಡ್ ಒಳಗೆ ಇರೋದೇ 2.835 ಗ್ರಾಂ ಕಬ್ಬಿಣ, ಅದ್ರಿಂದ 8.1 ಗ್ರಾಂ ಕಬ್ಬಿಣ ಹೇಗೆ ಹೊರಗೆ ಬರುತ್ತೆ? ಈ ಒಂದು ಪ್ರಶ್ನೆ ಕೇಳ್ಕೊಂಡಿದ್ರೆ ಆ ಅರ್ಧ ದಿನ ಉಳೀತಿತ್ತು.

ಹಳೇ_ಲ್ಯಾಬ್:
ತುಂಬಾ ವರ್ಷದಿಂದ ಮಕ್ಕಳಿಗೆ ಈ ಲೆಕ್ಕ ಹೇಳ್ಕೊಡ್ತಾ ಬಂದಿದೀನಿ, ಒಂದು ವಿಧಾನ ಹಂಚ್ಕೊಳ್ತೀನಿ, ನನ್ನ ಅನುಭವದಲ್ಲಿ ಇದು ಕೂತ್ರೆ ಮತ್ತೆ ಬಿಡಲ್ಲ.

"ಯಾವುದು ಕಡಿಮೆ ಇದೆ" ಅಂತ ಕೇಳ್ಬೇಡಿ. "ಈ ಸಮೀಕರಣ ಎಷ್ಟು ಸಲ ಓಡುತ್ತೆ" ಅಂತ ಕೇಳಿ. ಸಮೀಕರಣ ಒಂದು ಸಲ ಪೂರ್ತಿ ಓಡ್ತು ಅಂದ್ರೆ 2 ಮೋಲ್ ಅಲ್ಯೂಮಿನಿಯಂ, 1 ಮೋಲ್ ಫೆರಿಕ್ ಆಕ್ಸೈಡ್ ಖರ್ಚಾಗಿ 1 ಮೋಲ್ ಅಲ್ಯೂಮಿನಿಯಂ ಆಕ್ಸೈಡ್, 2 ಮೋಲ್ ಕಬ್ಬಿಣ ಬಂತು ಅಂತ ಇಟ್ಕೊಳ್ಳಿ. ಈಗ ಇರೋ ಸಾಮಾನು ಎಷ್ಟು ಸಲಕ್ಕೆ ಸಾಕು? ಅಲ್ಯೂಮಿನಿಯಂ 0.3 ಇದೆ, ಸಲಕ್ಕೆ 2 ಬೇಕು, 0.3/2 = 0.15 ಸಲ. ಆಕ್ಸೈಡ್ 0.2 ಇದೆ, ಸಲಕ್ಕೆ 1, 0.2 ಸಲ. ಚಿಕ್ಕದು 0.15. ಮುಗೀತು, ಸಮೀಕರಣ 0.15 ಸಲ ಓಡಿ ನಿಲ್ಲುತ್ತೆ. ಇನ್ಮೇಲೆ ಲಿಮಿಟಿಂಗ್, ಎಕ್ಸೆಸ್ (ಮಿಕ್ಕುಳಿಯೋದು) ಅಂತ ತಲೆ ಕೆಡಿಸ್ಕೊಳ್ಳೋದೇ ಬೇಡ, ಎಲ್ಲದಕ್ಕೂ ಆ 0.15 ಒಂದೇ ಅಂಕಿ. ಇದಕ್ಕೆ ಮೇಲಿನ ತರಗತಿಗಳಲ್ಲಿ ಎಕ್ಸ್‌ಟೆಂಟ್ ಆಫ್ ರಿಯಾಕ್ಷನ್ ಅಂತ ಹೆಸರು ಕೊಡ್ತಾರೆ, ಹೆಸರು ದೊಡ್ಡದು ವಿಷಯ ಇಷ್ಟೇ.

ಮೂರು ಸಾಲು ಹಾಕಿ ನೋಡಿ, ಅಲ್ಯೂಮಿನಿಯಂ, ಫೆರಿಕ್ ಆಕ್ಸೈಡ್, ಅಲ್ಯೂಮಿನಿಯಂ ಆಕ್ಸೈಡ್, ಕಬ್ಬಿಣ ಇದೇ ಕ್ರಮದಲ್ಲಿ, ಎಲ್ಲಾ ಮೋಲ್‌ನಲ್ಲಿ:

ಮೊದಲು: 0.30, 0.20, 0, 0
ಬದಲಾವಣೆ: −0.30, −0.15, +0.15, +0.30
ಕೊನೆಗೆ: 0, 0.05, 0.15, 0.30

ಈಗ ಮಾತ್ರ ಗ್ರಾಂಗೆ ವಾಪಸ್ ಬನ್ನಿ. ಉಳಿದ ಫೆರಿಕ್ ಆಕ್ಸೈಡ್ 0.05 × 160 = 8.0 ಗ್ರಾಂ, ಅಲ್ಯೂಮಿನಿಯಂ ಆಕ್ಸೈಡ್ 0.15 × 102 = 15.3 ಗ್ರಾಂ, ಕಬ್ಬಿಣ 0.30 × 56 = 16.8 ಗ್ರಾಂ. ಕೂಡಿಸಿ, 40.1. ಶುರುವಲ್ಲಿ ಹಾಕಿದ್ದು 8.1 + 32 = 40.1. ಕಬ್ಬಿಣಾನೂ ನೋಡಿ: 32 ಗ್ರಾಂ ಆಕ್ಸೈಡ್‌ನಲ್ಲಿದ್ದ ಕಬ್ಬಿಣ 22.4 ಗ್ರಾಂ, ಅದ್ರಲ್ಲಿ 16.8 ಬಿಡುಗಡೆ ಆಯ್ತು, ಉಳಿದ 5.6 ಗ್ರಾಂ ಆ 8 ಗ್ರಾಂ ಆಕ್ಸೈಡ್ ಒಳಗೇ ಇದೆ. ಎರಡೂ ಚೆಕ್ ಪಾಸ್.

ಇನ್ನೊಂದು ಗಮನಿಸಿ, ಇಲ್ಲಿ ಮೊದಲು ಮುಗಿದ ಅಲ್ಯೂಮಿನಿಯಂದು ಮೋಲ್ ಜಾಸ್ತಿ ಇತ್ತು. ಮೋಲ್ ಜಾಸ್ತಿ ಇರೋದೂ ಮೊದಲು ಮುಗೀಬಹುದು, ಗ್ರಾಂ ಜಾಸ್ತಿ ಇರೋದೂ ಮೊದಲು ಮುಗೀಬಹುದು, ಕಣ್ಣಳತೆಯಲ್ಲಿ ಹೇಳೋಕೆ ಹೋಗ್ಲೇಬಾರ್ದು. ಮತ್ತೆ ಇದು ಥರ್ಮೈಟ್, ರೈಲು ಹಳಿ ಬೆಸೆಯೋಕೆ ಬಳಸೋದು, ಕಬ್ಬಿಣ ಕರಗಿ ಹರಿಯೋಷ್ಟು ಬಿಸಿ ಆಗುತ್ತೆ, ಕಾಗದದ ಮೇಲೆ ಮಾತ್ರ ಮಾಡಿ.

ಪ್ರಯತ್ನ_ಬಿಡಲ್ಲ:
ನಾನು ಬೇರೆ ಥರ ಮಾಡ್ತೀನಿ, ತಪ್ಪಾ ಹೇಳಿ. ಎರಡೂ ಪ್ರತಿವರ್ತಕದಿಂದ ಬೇರೆ ಬೇರೆ ಕಬ್ಬಿಣ ಲೆಕ್ಕ ಹಾಕ್ತೀನಿ, ಅಲ್ಯೂಮಿನಿಯಂ ಪ್ರಕಾರ 16.8 ಗ್ರಾಂ, ಆಕ್ಸೈಡ್ ಪ್ರಕಾರ 22.4 ಗ್ರಾಂ, ಕಡಿಮೆ ಬಂದಿದ್ದು ಉತ್ತರ.

ಹಳೇ_ಲ್ಯಾಬ್:
ತಪ್ಪಿಲ್ಲ, ಒಳಗಡೆ ಅದೇ ಲೆಕ್ಕ. ಬರೀ ಒಂದು ಉತ್ಪನ್ನ ಕೇಳಿದ್ರೆ ನಿಮ್ಮದು ಬೇಗ ಆಗುತ್ತೆ. ಉಳಿದಿದ್ದು ಎಷ್ಟು, ಇನ್ನೊಂದು ಉತ್ಪನ್ನ ಎಷ್ಟು ಅಂತ ಕೇಳಿದಾಗ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ, ಅಷ್ಟೇ ವ್ಯತ್ಯಾಸ. ಮೂರು ಪ್ರತಿವರ್ತಕ ಇದ್ರೆ "ಎಷ್ಟು ಸಲ" ವಿಧಾನಾನೇ ಹಗುರ.

ಗಾಜಿನ_ಕಡ್ಡಿ:
ಗುಣಾಂಕ ಮರೆಯೋ ಈ ತಪ್ಪು ಟೈಟ್ರೇಶನ್‌ನಲ್ಲೂ (ಒಂದು ದ್ರಾವಣಕ್ಕೆ ಇನ್ನೊಂದನ್ನ ಹನಿ ಹನಿಯಾಗಿ ಅಳೆದು ಬಿಟ್ಟು ಎಷ್ಟು ಬೇಕು ಅಂತ ನೋಡೋದು) ಹಾಗೇ ಇದೆ, ಅಲ್ಲಿ ಇನ್ನೂ ಕೆಟ್ಟದಾಗಿ ಬಚ್ಚಿಟ್ಕೊಂಡಿರುತ್ತೆ. ಎಂ1ವಿ1 = ಎಂ2ವಿ2 (ಸಾಂದ್ರತೆ × ಗಾತ್ರ ಎರಡೂ ಕಡೆ ಸಮ) ಅಂತ ಎಲ್ರೂ ಬಾಯಿಪಾಠ ಮಾಡಿರ್ತೀವಿ. ಅದು ದ್ರಾವಣ ತೆಳು ಮಾಡೋಕೆ ಸರಿ, ಆಸಿಡ್ ಬೇಸ್ ಒಂದಕ್ಕೊಂದು ಇದ್ರೂ ಸರಿ. ಆದ್ರೆ ಸೋಡಿಯಂ ಹೈಡ್ರಾಕ್ಸೈಡ್‌ಗೆ ಸಲ್ಫ್ಯೂರಿಕ್ ಆಸಿಡ್ ಹಾಕಿದ್ರೆ ಒಂದು ಆಸಿಡ್‌ಗೆ ಎರಡು ಬೇಸ್ ಬೇಕು. 0.100 ಮೋಲಾರ್ (ಲೀಟರ್ಗೆ 0.100 ಮೋಲ್) ಬೇಸ್ 25.0 ಮಿಲಿಲೀಟರ್ ತಗೊಂಡು, ಬ್ಯೂರೆಟ್‌ನಲ್ಲಿ (ಗೆರೆ ಹಾಕಿದ ಅಳತೆ ಕೊಳವೆ) 0.100 ಮೋಲಾರ್ ಸಲ್ಫ್ಯೂರಿಕ್ ಆಸಿಡ್ ಇದ್ರೆ ಸೂತ್ರ ನಂಬಿದವರು 25 ಮಿಲಿ ತನಕ ಆರಾಮಾಗಿ ಬಿಡ್ತಾ ಹೋಗ್ತಾರೆ, ಫಿನಾಲ್ಫ್ತಲೀನ್‌ನ (ಬೇಸ್ ಇದ್ದಾಗ ಗುಲಾಬಿಯಾಗಿರೋ ಸೂಚಕ) ಗುಲಾಬಿ ಬಣ್ಣ ಮಾತ್ರ 12.5 ಮಿಲಿಗೇ ಹೋಗ್ಬಿಡುತ್ತೆ. ನಾನು ಮೊದಲ ಸಲ ಮಾಡಿದಾಗ ಫ್ಲಾಸ್ಕ್ ಕೈಯಲ್ಲಿ ತಿರುಗಿಸ್ತಾ ಬ್ಯೂರೆಟ್ ಕಡೆ ನೋಡದೇನೇ, ರೀಡಿಂಗ್ ಪುಸ್ತಕದಲ್ಲಿ 25ರ ಜಾಗ ಖಾಲಿ ಬಿಟ್ಕೊಂಡು ಕಾಯ್ತಿದ್ದೆ, ಬಗ್ಗಿ ನೋಡೋ ಹೊತ್ತಿಗೆ ಬಣ್ಣ ಹೋಗಿ ಆಗಿತ್ತು, ಎಷ್ಟಕ್ಕೆ ಹೋಯ್ತು ಅಂತ ಗೊತ್ತಾಗ್ದೆ ಮತ್ತೆ ಪೂರ್ತಿ ಮಾಡ್ಬೇಕಾಯ್ತು. ಅವತ್ತಿಂದ ಸೂತ್ರ ಬಿಟ್ಟೆ. ಬೇಸ್ ಎಷ್ಟು ಮೋಲ್, ಸಮೀಕರಣ ಏನು ಹೇಳುತ್ತೆ, ಹಾಗಾದ್ರೆ ಆಸಿಡ್ ಎಷ್ಟು ಮೋಲ್, ಅದು ಎಷ್ಟು ಮಿಲಿ, ಈ ದಾರೀಲೇ ಹೋಗ್ತೀನಿ. ಎರಡು ಸಾಲು ಜಾಸ್ತಿ ಬರೀಬೇಕು, ಬರೀಲಿ.

ನೀಲಿ_ಹರಳು:
ಸಮೀಕರಣ ಸರಿ, ಗುಣಾಂಕ ಸರಿ, ಮೋಲ್ ಲೆಕ್ಕಾನೂ ಸರಿ ಇದ್ದು ಕೂಡ ಕೆಡಬಹುದು, ನಂಗಾಗಿದ್ದು ಹೇಳ್ತೀನಿ.

ಪ್ರಯೋಗ ಸುಲಭದ್ದು. ಕಾಪರ್ ಸಲ್ಫೇಟ್ ದ್ರಾವಣಕ್ಕೆ ಸತು ಪುಡಿ ಹಾಕೋದು, ತಾಮ್ರ ಕೆಳಗೆ ಕೂರುತ್ತೆ, ಉಳಿದ ಸತುವನ್ನ ತೆಳು ಆಸಿಡ್‌ನಲ್ಲಿ ಕರಗಿಸಿ ತೆಗೆದು, ತಾಮ್ರ ತೊಳೆದು ಒಣಗಿಸಿ ತೂಗೋದು. ಒಂದಕ್ಕೊಂದು ಸಮೀಕರಣ, ತೊಂದ್ರೇನೇ ಇಲ್ಲ. 2.50 ಗ್ರಾಂ ತೂಗಿ ಹಾಕಿದ್ದೆ. ಕಾಪರ್ ಸಲ್ಫೇಟ್ ಮೋಲಾರ್ ರಾಶಿ (ಒಂದು ಮೋಲ್ ಎಷ್ಟು ಗ್ರಾಂ ಅಂತ) 159.6 ಅಂತ ಹಾಕಿ 0.0157 ಮೋಲ್, ಬರಬೇಕಾದ ತಾಮ್ರ 0.995 ಗ್ರಾಂ ಅಂತ ಮೊದಲೇ ಬರೆದಿಟ್ಟಿದ್ದೆ. ತೂಗಿದ್ರೆ 0.61 ಗ್ರಾಂ. ಇಳುವರಿ (ಬರಬೇಕಾದ್ದರಲ್ಲಿ ನಿಜವಾಗಿ ಬಂದ ಪಾಲು) ಶೇ. 61. ಎರಡು ದಿನ ಅದೇ ಯೋಚನೆ, ಸೋಸುವಾಗ ಚೆಲ್ಲಿದ್ನಾ, ತೊಳೆಯುವಾಗ ಹೋಯ್ತಾ, ಫಿಲ್ಟರ್ ಪೇಪರ್‌ನಲ್ಲಿ ಉಳೀತಾ. ಮತ್ತೆ ಮಾಡ್ದೆ, ಮತ್ತೆ 0.61ರ ಹತ್ರಾನೇ ಬಂತು. ಎರಡು ಸಲ ಅಷ್ಟೇ ಪ್ರಮಾಣದಲ್ಲಿ ಚೆಲ್ಲೋಕೆ ಸಾಧ್ಯ ಇಲ್ವಲ್ಲ ಅಂತ ಅನಿಸಿದಾಗ ಬಾಟಲ್ ಹತ್ರ ಹೋಗಿ ಲೇಬಲ್ ಪೂರ್ತಿ ಓದ್ದೆ. ಪೆಂಟಾಹೈಡ್ರೇಟ್. ನೀಲಿ ಹರಳು ಅಂದ್ರೇನೇ ಐದು ನೀರಿನ ಅಣು ಜೊತೆಗಿರೋದು, ಮೋಲಾರ್ ರಾಶಿ 249.7. ನೀರಿಲ್ಲದ ಕಾಪರ್ ಸಲ್ಫೇಟ್ ಬಿಳಿ ಬಣ್ಣ. ನನ್ನ ಕೈಯಲ್ಲಿದ್ದಿದ್ದು 0.0100 ಮೋಲ್ ಮಾತ್ರ, ಬರಬೇಕಿದ್ದ ತಾಮ್ರ 0.636 ಗ್ರಾಂ, ನಿಜವಾದ ಇಳುವರಿ ಶೇ. 96. ಕೆಲಸ ಚೆನ್ನಾಗೇ ಮಾಡಿದ್ದೆ, ಭಾಗಿಸಿದ ಅಂಕಿ ಮಾತ್ರ ಬೇರೆ ವಸ್ತುವಿನದು.

ಈಗ ಯಾರೇ ಕೇಳಿದ್ರೂ ಮೊದಲು ಹೇಳೋದು, ತಕ್ಕಡಿ ಮೇಲೆ ಕೂತಿರೋ ವಸ್ತು ಯಾವುದೋ ಅದರ ಮೋಲಾರ್ ರಾಶಿ ಹಾಕಿ, ಸಮೀಕರಣದಲ್ಲಿ ಬರೆದಿರೋ ವಸ್ತುವಿನದ್ದಲ್ಲ.

ಕಲಿಕೆ_ಹಾದಿ:
ಇದನ್ನ ಓದಿ ನನ್ನ ರೆಕಾರ್ಡ್ ಪುಸ್ತಕ ತೆಗೆದು ನೋಡಿದೆ, ನಾನೂ ಒಂದು ಕಡೆ 159.6 ಹಾಕಿದೀನಿ. ಸರಿ ಮಾಡ್ಕೊಂಡೆ. ಒಂದು ಅನುಮಾನ, ಇಳುವರಿ ಶೇ. 100 ದಾಟಿ ಬಂದ್ರೆ?

ನೀಲಿ_ಹರಳು:
ಹೆಚ್ಚಾಗಿ ಒಣಗಿರಲ್ಲ. ಒಣಗಿಸಿ ತೂಗಿ, ಮತ್ತೆ ಒಣಗಿಸಿ ತೂಗಿ, ಎರಡು ತೂಕ ಒಂದೇ ಬರೋ ತನಕ. ಆಗ್ಲೂ ಜಾಸ್ತಿ ಇದ್ರೆ ಬೇರೆ ಏನೋ ಬೆರೆತಿದೆ, ನನ್ನ ಪ್ರಯೋಗದಲ್ಲಾದ್ರೆ ಕರಗದೇ ಉಳಿದ ಸತು, ಇಲ್ಲಾಂದ್ರೆ ಬಿಸಿ ಜಾಸ್ತಿಯಾಗಿ ತಾಮ್ರ ಕಪ್ಪಾಗಿ ಆಕ್ಸೈಡ್ ಆಗಿರೋದು.

ದೂರದ_ನಕ್ಷತ್ರ:
ಗುಣಾಂಕ ಒಂದೇ ಇದ್ರೂ ಗ್ರಾಂ ಎಷ್ಟು ಬೇರೆ ಆಗುತ್ತೆ ಅನ್ನೋದಕ್ಕೆ ನಂಗೆ ತುಂಬಾ ಇಷ್ಟವಾದ ಉದಾಹರಣೆ ಬಾಹ್ಯಾಕಾಶ ನೌಕೆದು. ಒಳಗಿರೋರು ಬಿಡೋ ಕಾರ್ಬನ್ ಡೈಆಕ್ಸೈಡ್ ಹೀರೋಕೆ ಅಪೋಲೋ ನೌಕೆಗಳಲ್ಲಿ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿ ಇಟ್ಟಿದ್ರು.

2 ಲಿಥಿಯಂ ಹೈಡ್ರಾಕ್ಸೈಡ್ + 1 ಕಾರ್ಬನ್ ಡೈಆಕ್ಸೈಡ್ → 1 ಲಿಥಿಯಂ ಕಾರ್ಬೊನೇಟ್ + 1 ನೀರು

ಸೋಡಿಯಂ ಹೈಡ್ರಾಕ್ಸೈಡ್ ಕೂಡ ಇದೇ 2ಕ್ಕೆ 1 ಲೆಕ್ಕದಲ್ಲೇ ಹೀರುತ್ತೆ, ಲಿಥಿಯಂಗಿಂತ ಎಷ್ಟೋ ಸುಲಭವಾಗಿ ಸಿಗುತ್ತೆ. ಹಾಗಿದ್ರೆ ಲಿಥಿಯಂ ಯಾಕೆ? ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಡ್ತಾನೆ ಅಂತ ಇಟ್ಕೊಂಡು ಲೆಕ್ಕ ಹಾಕಿ. 44 ಗ್ರಾಂ ಅನಿಲಕ್ಕೆ ಲಿಥಿಯಂ ಹೈಡ್ರಾಕ್ಸೈಡ್ 2 × 24 = 48 ಗ್ರಾಂ, ಸೋಡಿಯಂದಾದ್ರೆ 2 × 40 = 80 ಗ್ರಾಂ. 1 ಕಿಲೋಗೆ ಲಿಥಿಯಂದು ಹತ್ತಿರ ಹತ್ತಿರ 1.09 ಕಿಲೋ, ಸೋಡಿಯಂದು 1.82 ಕಿಲೋ. ಮೂರು ಜನ, ಎಷ್ಟೋ ದಿನ, ಪ್ರತಿ ಗ್ರಾಂ ಮೇಲಕ್ಕೆ ಎತ್ತಬೇಕಾದ ಕಡೆ ಈ ವ್ಯತ್ಯಾಸ ಸಣ್ಣದಲ್ಲ. 1970ರ ಏಪ್ರಿಲ್‌ನಲ್ಲಿ ಅಪೋಲೋ 13ರಲ್ಲಿ ಆಕ್ಸಿಜನ್ ಟ್ಯಾಂಕ್ ಸಿಡಿದು ಮೂವರೂ ಚಂದ್ರನ ಮೇಲಿಳಿಯೋ ಘಟಕದಲ್ಲಿ ಆಶ್ರಯ ತಗೊಂಡಾಗ ಎದುರಾಗಿದ್ದು ಇದೇ ಲೆಕ್ಕ. ಆ ಘಟಕ ಇಬ್ಬರಿಗೆ, ಕೆಲವೇ ದಿನಕ್ಕೆ ಅಂತ ಮಾಡಿದ್ದು, ಅದರ ಡಬ್ಬಿಗಳಲ್ಲಿದ್ದ ಲಿಥಿಯಂ ಹೈಡ್ರಾಕ್ಸೈಡ್ ಮುಗೀತಾ ಬಂತು, ಇನ್ನೊಂದು ಘಟಕದ ಡಬ್ಬಿ ಬೇಕಾದಷ್ಟಿತ್ತು ಆದ್ರೆ ಅವು ಚೌಕ, ಇದರ ಕಿಂಡಿ ದುಂಡಗೆ, ಕೊನೆಗೆ ಪ್ಲಾಸ್ಟಿಕ್ ಚೀಲ, ರಟ್ಟು, ಟೇಪ್, ಸೂಟಿನ ಮೆದುಗೊಳವೆ ಸೇರಿಸಿ ಹೊಂದಿಸಿದ್ರು. ಲಿಮಿಟಿಂಗ್ ರಿಯೇಜೆಂಟ್ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಂಗೆ ಮೊದಲು ನೆನಪಾಗೋದು ಆ ಡಬ್ಬಿ.

ಪ್ರಯತ್ನ_ಬಿಡಲ್ಲ:
ಎಂಥಾ ಉದಾಹರಣೆ! ಅನಿಲ ಬಂತಲ್ಲ, ಕೇಳೇಬಿಡ್ತೀನಿ. ಒಂದು ಮೋಲ್ ಅಂದ್ರೆ 22.4 ಲೀಟರ್ ಅಂತ ಯಾವಾಗ ಹಾಕ್ಬೇಕು ಯಾವಾಗ ಹಾಕ್ಬಾರ್ದು? ನಾನು ನೀರಿಗೆ ಹಾಕಿ ಅಂಕ ಕಳ್ಕೊಂಡೆ.

ಅಂಕೆ_ಸಂಖ್ಯೆ:
22.4 ಲೀಟರ್ ಅನ್ನೋದು ಅನಿಲಕ್ಕೆ ಮಾತ್ರ, ಅದೂ 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಮಾತ್ರ. 2 ಮೋಲ್ ನೀರು ಅಂದ್ರೆ 36 ಗ್ರಾಂ, ದ್ರವವಾಗಿದ್ರೆ 36 ಮಿಲಿಲೀಟರ್, ಒಂದು ಚಿಕ್ಕ ಲೋಟದ ತಳದಲ್ಲಿ ನಿಲ್ಲುತ್ತೆ. ಅದನ್ನ 44.8 ಲೀಟರ್ ಅಂದ್ರೆ ಸಾವಿರ ಪಟ್ಟಿಗಿಂತ ಜಾಸ್ತಿ ತಪ್ಪು. 25 ಡಿಗ್ರಿ ಇದ್ರೆ 1 ಅಟ್ಮಾಸ್ಫಿಯರ್‌ನಲ್ಲಿ ಮೋಲ್‌ಗೆ 24.5 ಲೀಟರ್ ಆಗುತ್ತೆ. ಇನ್ನೊಂದು ಗೊಂದಲ, 1982ರಿಂದ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಘ ಐಯುಪಿಎಸಿ ಎಸ್‌ಟಿಪಿ (ಅನಿಲ ಹೋಲಿಸೋಕೆ ಗೊತ್ತುಮಾಡಿದ ಉಷ್ಣತೆ, ಒತ್ತಡ) ಒತ್ತಡವನ್ನ 1 ಬಾರ್ ಅಂತ ಬದಲಾಯಿಸಿದೆ, ಆ ಲೆಕ್ಕದಲ್ಲಿ 22.7 ಲೀಟರ್. ಎರಡೂ ಪುಸ್ತಕಗಳಲ್ಲಿ ಕಾಣುತ್ತೆ, ಪ್ರಶ್ನೆ ಯಾವ ಒತ್ತಡ ಕೊಟ್ಟಿದೆ ಅಂತ ನೋಡಿ ಹಾಕಿ.

ಹಾಂ, ಎಲ್ಲಾ ಅನಿಲ ಆಗಿದ್ದು ಉಷ್ಣತೆ, ಒತ್ತಡ ಒಂದೇ ಇದ್ರೆ ಮೋಲ್‌ಗೆ ಹೋಗೋದೇ ಬೇಡ, ಗುಣಾಂಕಾನೇ ಲೀಟರ್ ಅನುಪಾತ. 1 ಲೀಟರ್ ನೈಟ್ರೋಜನ್‌ಗೆ 3 ಲೀಟರ್ ಹೈಡ್ರೋಜನ್, ಬರೋದು 2 ಲೀಟರ್ ಅಮೋನಿಯ. ಇಲ್ಲಿ 4 ಲೀಟರ್ ಹಾಕಿ 2 ಲೀಟರ್ ಬಂದ್ರೂ ತಪ್ಪಲ್ಲ, ಗಾತ್ರ ಉಳೀಬೇಕು ಅಂತ ಯಾವ ನಿಯಮಾನೂ ಇಲ್ಲ.

ಹಳೇ_ಲ್ಯಾಬ್:
ಇದಕ್ಕೊಂದು ಇತಿಹಾಸ ಸೇರಿಸ್ತೀನಿ, ಯಾಕಂದ್ರೆ ಪ್ರಶ್ನೆ ಕೇಳಿದವರು ಮಾಡಿದ ಗೊಂದಲ, ಅಂದ್ರೆ ತೂಕದ ಅನುಪಾತ ಬೇರೆ ಎಣಿಕೆ ಅನುಪಾತ ಬೇರೆ ಅನ್ನೋದು, ದೊಡ್ಡ ದೊಡ್ಡವರನ್ನೇ ಅರ್ಧ ಶತಮಾನ ಕಾಡಿದೆ. ಈ ಥರದ ಲೆಕ್ಕಕ್ಕೆ ಸ್ಟಾಯ್ಕಿಯೋಮೆಟ್ರಿ ಅನ್ನೋ ಪದ ಹುಟ್ಟಿಸಿದ್ದು ಜರ್ಮನಿಯ ರಿಕ್ಟರ್, 1792ರಲ್ಲಿ, ಗ್ರೀಕ್‌ನಲ್ಲಿ ಧಾತು ಮತ್ತು ಅಳತೆ ಅನ್ನೋ ಎರಡು ಪದ ಸೇರಿಸಿ. ಅವರು ಮಾಡಿದ್ದು ಪೂರ್ತಿ ತೂಕದ ಲೆಕ್ಕ, ಇಷ್ಟು ಆಸಿಡ್‌ಗೆ ಇಷ್ಟು ಬೇಸ್. ಆಮೇಲೆ ಡಾಲ್ಟನ್ ಪರಮಾಣು ತಂದ್ರು. ಆದ್ರೆ ನೀರಿನಲ್ಲಿ ಎಷ್ಟು ಹೈಡ್ರೋಜನ್ ಎಷ್ಟು ಆಕ್ಸಿಜನ್ ಅಂತ ಎಣಿಸೋ ದಾರಿ ಅವರಿಗೆ ಇರ್ಲಿಲ್ಲ, ಅತ್ಯಂತ ಸರಳ ಅಂತ ಒಂದಕ್ಕೊಂದು ಅಂದ್ಕೊಂಡ್ರು. ಹಾಗಾಗಿ 1808ರ ಅವರ ಪಟ್ಟೀಲಿ ಹೈಡ್ರೋಜನ್ 1 ಆದ್ರೆ ಆಕ್ಸಿಜನ್ 7. ಅಳತೆ ಸರಿಯಾಗಿದ್ರೂ 8 ಬರ್ತಿತ್ತೇ ಹೊರತು 16 ಬರ್ತಿರ್ಲಿಲ್ಲ, ಯಾಕಂದ್ರೆ ತೂಕದಿಂದ ಎಣಿಕೆಗೆ ಹೋಗೋಕೆ ಫಾರ್ಮುಲಾ ಬೇಕು, ಫಾರ್ಮುಲಾನೇ ತಪ್ಪಿತ್ತು. ಅದೇ 1808ರಲ್ಲಿ ಗೇ-ಲುಸಾಕ್ ಎರಡು ಪಾಲು ಗಾತ್ರದ ಹೈಡ್ರೋಜನ್‌ಗೆ ಒಂದು ಪಾಲು ಆಕ್ಸಿಜನ್ ಅಂತ ತೋರಿಸಿದ್ರು, 1811ರಲ್ಲಿ ಅವೊಗಾಡ್ರೊ ಒಂದೇ ಗಾತ್ರದಲ್ಲಿ ಅಷ್ಟೇ ಅಣು ಅಂತ ಹೇಳಿದ್ರು, ಬಹಳ ಜನ ಕಿವಿಗೆ ಹಾಕ್ಕೊಳ್ಳಲಿಲ್ಲ. 1860ರಲ್ಲಿ ಕಾರ್ಲ್ಸ್‌ರೂ ಸಮ್ಮೇಳನದಲ್ಲಿ ಕ್ಯಾನಿಜಾರೊ ಅದನ್ನೇ ಹಿಡ್ಕೊಂಡು ಪರಮಾಣು ತೂಕಗಳನ್ನ ಬಿಡಿಸಿಟ್ಟ ಮೇಲೆ ದಾರಿ ತಿಳಿಯಾಯ್ತು. ನಾವು 27, 160 ಅಂತ ಸಲೀಸಾಗಿ ಭಾಗಿಸ್ತೀವಲ್ಲ, ಆ ಅಂಕಿ ಹಿಂದೆ ಇಷ್ಟು ಜನರ ತಿಣುಕಾಟ ಇದೆ.

ಮೋಲ್ ಈಗ ಶುದ್ಧ ಎಣಿಕೇನೇ. 2019ರ ಮೇ 20ರಿಂದ ಒಂದು ಮೋಲ್ ಅಂದ್ರೆ ಸರಿಯಾಗಿ 6.02214076 × 10²³ ಕಣ, ಅದಕ್ಕೂ ಮೊದಲು 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣು ಇದ್ಯೋ ಅಷ್ಟು ಅಂತ ತೂಕಕ್ಕೆ ಕಟ್ಟಿಹಾಕಿದ್ರು.

ಪ್ರಯತ್ನ_ಬಿಡಲ್ಲ:
ಎರಡು ಮೂರು ಹಂತದ ಕ್ರಿಯೆ ಇದ್ರೆ? ಗಂಧಕ ಸುಟ್ಟು ಸಲ್ಫರ್ ಡೈಆಕ್ಸೈಡ್, ಅದು ಟ್ರೈಆಕ್ಸೈಡ್ ಆಗಿ, ಆಮೇಲೆ ಸಲ್ಫ್ಯೂರಿಕ್ ಆಸಿಡ್. ಮೂರೂ ಸಮೀಕರಣ ಬರೆದು ಸಮಯ ಹೋಗುತ್ತೆ. ನಮ್ಮ ಕ್ಲಾಸಲ್ಲಿ ಒಬ್ಬ ಮಧ್ಯದ್ದೆಲ್ಲಾ ಬಿಟ್ಟು ಒಂದು ಗಂಧಕಕ್ಕೆ ಒಂದು ಆಸಿಡ್ ಅಂತ ನೇರ ಬರೆದ, ಉತ್ತರ ಸರಿ ಬಂತು.

ಬ್ಯೂರೆಟ್:
ಅವನು ಸರಿ ಮಾಡಿದಾನೆ. ಗಂಧಕದ ಪರಮಾಣು ಎಲ್ಲೂ ಹೋಗಲ್ಲ, ಶುರುವಲ್ಲಿ ಒಂದು, ಕೊನೇಲಿ ಆಸಿಡ್ ಒಳಗೆ ಒಂದು. 32 ಗ್ರಾಂ ಗಂಧಕಕ್ಕೆ 98 ಗ್ರಾಂ ಆಸಿಡ್, ಮಧ್ಯೆ ಎಷ್ಟು ಹಂತ ಇದ್ರೂ ಅಷ್ಟೇ.

ಗಾಜಿನ_ಕಡ್ಡಿ:
ಸರಿ, ಆದ್ರೆ ಒಂದು ಷರತ್ತು ಹೇಳ್ದೆ ಬಿಟ್ರೆ ಅಪಾಯ. ಆ ಧಾತು ಪೂರ್ತಿ ಒಂದೇ ಉತ್ಪನ್ನಕ್ಕೆ ಹೋಗ್ಬೇಕು. ತಾಮ್ರ ಮತ್ತು ಗಟ್ಟಿ ನೈಟ್ರಿಕ್ ಆಸಿಡ್ ತಗೊಳ್ಳಿ, 1 ತಾಮ್ರ + 4 ನೈಟ್ರಿಕ್ ಆಸಿಡ್ → 1 ಕಾಪರ್ ನೈಟ್ರೇಟ್ + 2 ನೈಟ್ರೋಜನ್ ಡೈಆಕ್ಸೈಡ್ + 2 ನೀರು. ತಾಮ್ರ ಹಿಡ್ಕೊಂಡು ಹೋದ್ರೆ ತೊಂದ್ರೆ ಇಲ್ಲ, ಎಲ್ಲಾ ನೈಟ್ರೇಟ್‌ಗೇ ಹೋಗುತ್ತೆ. ನೈಟ್ರೋಜನ್ ಹಿಡ್ಕೊಂಡು ಹೋದ್ರೆ ಅರ್ಧ ದ್ರಾವಣದಲ್ಲಿ, ಅರ್ಧ ಕಂದು ಹೊಗೆಯಾಗಿ, 4 ಆಸಿಡ್‌ಗೆ 4 ಡೈಆಕ್ಸೈಡ್ ಅಂತ ಬರೆದ್ರೆ ಎರಡು ಪಟ್ಟು ತಪ್ಪು. ನೇರ ದಾರಿ ಹಿಡಿಯೋಕೆ ಮುಂಚೆ ಆ ಪರಮಾಣು ಎಲ್ಲೆಲ್ಲಿ ಹೋಗ್ತಿದೆ ಅಂತ ಸಮೀಕರಣದಲ್ಲಿ ಬೆರಳಿಟ್ಟು ನೋಡಿ.

ಬ್ಯೂರೆಟ್:
ಒಪ್ಪಿದೆ, ಆ ಷರತ್ತು ನಾನೇ ಬರೀಬೇಕಿತ್ತು. ಇಳುವರೀನೂ ಹಾಗೇ, ಪ್ರತಿ ಹಂತದಲ್ಲೂ ಶೇ. 90 ಮಾತ್ರ ಬರ್ತಿದ್ರೆ ಮೂರು ಹಂತಕ್ಕೆ 0.9 × 0.9 × 0.9, ಸುಮಾರು ಶೇ. 73. ಅದನ್ನ ಕೊನೇಲಿ ಗುಣಿಸೋದು ಮರೀಬೇಡಿ.

ಕಲಿಕೆ_ಹಾದಿ:
ಎಲ್ಲಾ ಓದಿ, ಪುಸ್ತಕ ಮುಚ್ಚಿಟ್ಟು ಹೊಸ ಲೆಕ್ಕ ಒಂದು ಮಾಡಿದೀನಿ, ನೋಡಿ ಹೇಳಿ. 6.8 ಗ್ರಾಂ ಸಿಲ್ವರ್ ನೈಟ್ರೇಟ್ ಕರಗಿಸಿದ ದ್ರಾವಣಕ್ಕೆ 3.33 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ದ್ರಾವಣ ಸೇರಿಸಿದ್ದು. ಎರಡೂ ನೀರಿಲ್ಲದ ಉಪ್ಪು ಅಂತ ಪ್ರಶ್ನೇಲೇ ಇದೆ, ಅದನ್ನ ಮೊದಲು ನೋಡ್ದೆ.

2 ಸಿಲ್ವರ್ ನೈಟ್ರೇಟ್ + 1 ಕ್ಯಾಲ್ಸಿಯಂ ಕ್ಲೋರೈಡ್ → 2 ಸಿಲ್ವರ್ ಕ್ಲೋರೈಡ್ + 1 ಕ್ಯಾಲ್ಸಿಯಂ ನೈಟ್ರೇಟ್

ಮೋಲ್: 6.8/170 = 0.04, 3.33/111 = 0.03. ಎಷ್ಟು ಸಲ: 0.04/2 = 0.02, 0.03/1 = 0.03. ಓಡೋದು 0.02 ಸಲ. ಮೊದಲಾಗಿದ್ರೆ 0.03 ಚಿಕ್ಕದು ಅಂತ ಕ್ಲೋರೈಡ್ ಮೇಲೆ ಬೀಳ್ತಿದ್ದೆ!

ಸಿಲ್ವರ್ ಕ್ಲೋರೈಡ್ 0.04 × 143.5 = 5.74 ಗ್ರಾಂ. ಕ್ಯಾಲ್ಸಿಯಂ ನೈಟ್ರೇಟ್ 0.02 × 164 = 3.28 ಗ್ರಾಂ. ಉಳಿದ ಕ್ಯಾಲ್ಸಿಯಂ ಕ್ಲೋರೈಡ್ 0.01 × 111 = 1.11 ಗ್ರಾಂ. ಒಟ್ಟು 10.13, ಹಾಕಿದ್ದೂ 10.13. ಇಲ್ಲೂ ಗುಣಾಂಕದ ಮೊತ್ತ ಎರಡೂ ಕಡೆ 3 ಅಂತ ಕಣ್ಣಿಗೆ ಬಿತ್ತು, ಹಾಗಾಗಿ ಒಟ್ಟು ತೂಕ ನಂಬದೇ ಬೆಳ್ಳಿ ಬೇರೆ ಚೆಕ್ ಮಾಡ್ದೆ: 6.8ರಲ್ಲಿ 108/170 ಅಂದ್ರೆ 4.32 ಗ್ರಾಂ, 5.74ರಲ್ಲಿ 108/143.5 ಅಂದ್ರೆ ಅದೇ 4.32 ಗ್ರಾಂ. ಒಣಗಿಸಿ ತೂಗಿದಾಗ 5.45 ಗ್ರಾಂ ಬಂತು ಅಂತ ಪ್ರಶ್ನೆ ಕೊನೇಲಿದೆ, ಇಳುವರಿ 5.45/5.74, ಶೇ. 94.9.

ಅಂಕೆ_ಸಂಖ್ಯೆ:
ಒಂದು ಅಂಕಿನೂ ತಪ್ಪಿಲ್ಲ. ಬೆಳ್ಳಿ ಬೇರೆ ಚೆಕ್ ಮಾಡಿದ್ದು ನೋಡಿ ತುಂಬಾ ಖುಷಿ ಆಯ್ತು.

ಹಳೇ_ಲ್ಯಾಬ್:
ಪೂರ್ತಿ ಸರಿ. ಒಂದೇ ಮಾತು, ಆ ಉಳಿದ 1.11 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಪುಡಿಯಾಗಿ ಎಲ್ಲೂ ಕೂತಿರಲ್ಲ, ಸೋಸಿ ಬಂದ ತಿಳಿ ನೀರಲ್ಲಿ ಕ್ಯಾಲ್ಸಿಯಂ ಅಯಾನು, ಕ್ಲೋರೈಡ್ ಅಯಾನು ಆಗಿ ಕರಗಿರುತ್ತೆ, ನೈಟ್ರೇಟ್ ಜೊತೆಗೇ. ಲ್ಯಾಬ್‌ನಲ್ಲಿ ಈ ಪ್ರಯೋಗ ಸಿಕ್ಕಿದ್ರೆ ಆ ತಿಳಿ ನೀರನ್ನ ಚೆಲ್ಲಬೇಡಿ, ಒಂದು ಟೆಸ್ಟ್ ಟ್ಯೂಬ್‌ಗೆ ಸ್ವಲ್ಪ ತಗೊಂಡು ಸಿಲ್ವರ್ ನೈಟ್ರೇಟ್ ಒಂದು ಹನಿ ಬಿಡಿ. ನಿಮ್ಮ ಲೆಕ್ಕ ಸರಿ ಇದ್ರೆ ಹನಿ ಬಿದ್ದ ಜಾಗದಲ್ಲಿ ಬೆಳ್ಳಗೆ ಮೋಡ ಕಟ್ಟುತ್ತೆ. ಇನ್ನೊಂದು ಟ್ಯೂಬ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ ಹನಿ ಬಿಡಿ, ಅಲ್ಲಿ ಏನೂ ಆಗ್ಬಾರ್ದು, ಬೆಳ್ಳಿ ಎಲ್ಲಾ ಮುಗಿದಿರ್ಬೇಕಲ್ವಾ.

ಕಲಿಕೆ_ಹಾದಿ:
ಮುಂದಿನ ವಾರ ಲ್ಯಾಬ್ ಇದೆ. ಎರಡು ಟ್ಯೂಬ್ ಎತ್ತಿಟ್ಕೊಳ್ತೀನಿ, ಏನಾಯ್ತು ಅಂತ ಬಂದು ಬರೀತೀನಿ.